ಹನ್ನೆರಡು ಬಿಲ್ ಕೂಡಿಸಿ, ಆಮೇಲೆ ತಾರಸಿ ಹತ್ತಿ

ತಿಪಟೂರಿನ ನಮ್ಮ ಮನೆಯ ನಡುಮನೆ ಗೋಡೆಗೆ ಒಂದು ತಂತಿ ಕೊಕ್ಕೆಯಿದೆ. ಕರೆಂಟ್ ಬಿಲ್ ಕೈಗೆ ಬಂದ ಕೂಡಲೇ ಅದಕ್ಕೆ ಚುಚ್ಚುವುದು ನಮ್ಮತ್ತೆಯ ಕಾಲದಿಂದ ಬಂದ ರೂಢಿ. 2024ರ ದೀಪಾವಳಿ ಕಳೆದ ವಾರ ಆ ಕಟ್ಟನ್ನು ಇಳಿಸಿಕೊಂಡು ಕೂತೆ. ಮೇಲಿನ ನಾಲ್ಕು ಬಿಲ್ ಸ್ಪಷ್ಟವಾಗಿದ್ದವು. ಅದರ ಕೆಳಗಿನವು ಮಂಕು. ಫೆಬ್ರವರಿ, ಮಾರ್ಚ್ ತಿಂಗಳಿನವಂತೂ ಬರೀ ಬಿಳಿ ಹಾಳೆ. ಮೀಟರ್ ರೀಡರ್ ಸೊಂಟಕ್ಕೆ ಕಟ್ಟಿಕೊಂಡ ಯಂತ್ರದಿಂದ ಹರಿದು ಕೊಡುವ ಆ ಕಾಗದದ ಮೇಲಿನ ಅಕ್ಷರ ಬಿಸಿಲಿಗೆ, ಸೆಖೆಗೆ ಅಳಿಸಿಹೋಗುತ್ತದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೂ ನಮ್ಮ ಸಂಪರ್ಕದ ಆರ್.ಆರ್. ನಂಬರ್ ಕೂಡ ಕಾಣಲಿಲ್ಲ. ಕೊನೆಗೆ ವಿದ್ಯುತ್ ಕಚೇರಿಗೆ ಹೋಗಿ, ಹಿಂದಿನ ಹನ್ನೆರಡು ತಿಂಗಳ ಯೂನಿಟ್ ಲೆಕ್ಕವನ್ನು ಕೇಳಿ ಬರೆದುಕೊಂಡು ಬಂದೆ.

ಇಷ್ಟೆಲ್ಲ ಮಾಡಿಸಿದ್ದು ಅದಕ್ಕೆ ಎರಡು ದಿನ ಮುಂಚೆ ಮನೆಗೆ ಬಂದಿದ್ದ ಒಬ್ಬ ಹುಡುಗ. ಸೋಲಾರ್ ಹಾಕಿಸುವ ಸಂಸ್ಥೆಯವನು, ಮಾತಿನಲ್ಲಿ ವಿನಯವಂತ. ತಾರಸಿ ಹತ್ತಿ ಟೇಪು ಹಿಡಿದು ಅಳೆದ. ‘ಮಿಸ್, ಇಲ್ಲಿ ಐದು ಕಿಲೋವಾಟ್ ಆರಾಮಾಗಿ ಕೂರುತ್ತೆ. 78 ಸಾವಿರ ಸಬ್ಸಿಡಿ. ಮೂರೇ ವರ್ಷಕ್ಕೆ ಅಸಲು ವಾಪಸು, ಆಮೇಲೆ ಇಪ್ಪತ್ತೆರಡು ವರ್ಷ ಪುಕ್ಕಟೆ ಕರೆಂಟು’ ಎಂದ. ಪಾವಗಡದ ಸೋಲಾರ್ ಪಾರ್ಕಿನ ಫೋಟೊವನ್ನೂ ತೋರಿಸಿದ. ಕಾಫಿ ಕುಡಿದು, ಒಂದು ಹಾಳೆ ಕೊಟ್ಟು ಹೋದ. ಅದರಲ್ಲಿ ತಾರಸಿಯ ಅಳತೆಯಿತ್ತು, ಬೆಲೆಯಿತ್ತು, ಕಂತಿನ ವಿವರವಿತ್ತು. ನಮ್ಮ ಮನೆ ತಿಂಗಳಿಗೆ ಎಷ್ಟು ಯೂನಿಟ್ ಸುಡುತ್ತದೆ ಎಂಬ ಮಾತು ಮಾತ್ರ ಎಲ್ಲೂ ಇರಲಿಲ್ಲ. ಅವನು ಕೇಳಿಯೂ ಇರಲಿಲ್ಲ.

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ದತ್ತಾಂಶವೇ ಇಲ್ಲದೆ ಬಂದ ಉತ್ತರಕ್ಕೆ ಅಂಕ ಕೊಡುವ ಅಭ್ಯಾಸ ನನಗಿಲ್ಲ. ಸೋಲಾರ್ ಎಷ್ಟು ದೊಡ್ಡದಿರಬೇಕು ಎಂದು ಹೇಳಬೇಕಾದದ್ದು ತಾರಸಿಯಲ್ಲ, ಬಿಲ್. ಈ ಒಂದು ಮಾತನ್ನು ನಮ್ಮ ಬೀದಿಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ಲೆಕ್ಕ. ಜನವರಿ 232 ಯೂನಿಟ್, ಫೆಬ್ರವರಿ 248, ಮಾರ್ಚ್ 296, ಏಪ್ರಿಲ್ 334, ಮೇ 322. ಮಳೆ ಹಿಡಿದ ಮೇಲೆ ಇಳಿಯುತ್ತ ಬಂತು. ಹಿಂದಿನ ವರ್ಷದ ಡಿಸೆಂಬರಿನದು 224. ಹನ್ನೆರಡೂ ಕೂಡಿಸಿದರೆ 3,120. ತಿಂಗಳಿಗೆ ಸರಾಸರಿ 260. ನಾವು ಐದು ಜನ, ಒಂದು ಫ್ರಿಜ್, ಐದು ಫ್ಯಾನ್, ಬಾವಿಯ ಮೋಟರ್, ಮಿಕ್ಸಿ, ವಾಷಿಂಗ್ ಮಷೀನ್. ಗೀಸರ್ ಇಲ್ಲ. ಮನೆ ಕಟ್ಟಿದಾಗಲೇ ನೀರು ಕಾಯಿಸುವ ಸೋಲಾರ್ ಹಾಕಿಸಿದ್ದೆವು. ಗೀಸರ್ ಇರುವವರಿಗೆ ಇಲ್ಲೇ ಒಂದು ಮಾತು. ಎರಡು ಸಾವಿರ ವಾಟ್‌ನ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಮೊದಲು ಅದನ್ನು ಇಳಿಸಿ, ಆಮೇಲೆ ಪ್ಯಾನೆಲ್ ಎಣಿಸಿ.

ನಮ್ಮ ಬಯಲುಸೀಮೆಯಲ್ಲಿ ಒಂದು ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಹುಟ್ಟಿಸುತ್ತದೆ. ಮೋಡ, ಧೂಳು ಎಲ್ಲ ಕಳೆದು ವರ್ಷಕ್ಕೆ 1,400 ಎಂದು ಹಿಡಿದರೆ ಮೋಸವಿಲ್ಲ. 3,120ನ್ನು 1,400ರಿಂದ ಭಾಗಿಸಿ. ಎರಡೂ ಕಾಲು ಕಿಲೋವಾಟ್‌ಗೆ ತುಸು ಕಡಿಮೆ ಬಂತು. ಐದರ ಅರ್ಧಕ್ಕಿಂತ ಕಡಿಮೆ.

‘ಹೆಚ್ಚಾದದ್ದನ್ನು ಸರ್ಕಾರ ಕೊಂಡುಕೊಳ್ಳುತ್ತಲ್ಲ?’ ಎಂದು ನಮ್ಮ ಮನೆಯವರೇ ಕೇಳಿದರು. ಕೊಳ್ಳುತ್ತದೆ, ನಿಜ. ಆದರೆ ನಮ್ಮ ರಾಜ್ಯದ ನೆಟ್ ಮೀಟರ್ ಪದ್ಧತಿಯಲ್ಲಿ ಲೆಕ್ಕ ಚುಕ್ತಾ ಆಗುವುದು ಬಿಲ್ಲಿನ ತಿಂಗಳಿಗೆ. ಆ ತಿಂಗಳು ನೀವು ಒಳಗೆ ಎಳೆದುಕೊಂಡ ಯೂನಿಟ್‌ಗೂ ಹೊರಗೆ ಕಳಿಸಿದ ಯೂನಿಟ್‌ಗೂ ವಜಾ ಹಾಕುತ್ತಾರೆ. ವಜಾ ಆದ ಪ್ರತಿ ಯೂನಿಟ್ ನಿಮಗೆ ಪೂರ್ತಿ ಬೆಲೆ ತಂದುಕೊಟ್ಟ ಹಾಗೆ. ಅದರ ಮೇಲೆ ಮಿಕ್ಕಿದ್ದಕ್ಕೆ ವಿದ್ಯುತ್ ನಿಯಂತ್ರಣ ಆಯೋಗ ಗೊತ್ತುಮಾಡಿದ ಖರೀದಿ ದರ. ಸಬ್ಸಿಡಿ ಪಡೆದ ಮನೆಗಳಿಗೆ ಅದು ನಾವು ಕೊಡುವ ದರದ ಅರ್ಧವೂ ಇಲ್ಲ. ಅಂಗಡಿಯಲ್ಲಿ ಕೊಂಡ ತೆಂಗಿನಕಾಯಿಯನ್ನು ಅದೇ ಅಂಗಡಿಗೆ ಮಾರಲು ಹೋದ ಹಾಗೆ. ಪಾವಗಡದ್ದು ಬೇರೆಯೇ ವ್ಯವಹಾರ. 13 ಸಾವಿರ ಎಕರೆ, 2,050 ಮೆಗಾವಾಟ್, ಕಂಪನಿಗಳಿಗೆ 25 ವರ್ಷದ ಖರೀದಿ ಒಪ್ಪಂದ. ಅವರು ಮಾರುವುದಕ್ಕೆಂದೇ ಬೆಳೆಯುವವರು, ನಾವು ಉಣ್ಣುವುದಕ್ಕೆ ಬೆಳೆಯುವವರು.

ಇನ್ನು ದುಡ್ಡಿನ ಮಾತು. ಅರ್ಥವಾಗಲೆಂದು 2025ರ ಏಪ್ರಿಲ್‌ನಿಂದ ಬಂದ ದರದಲ್ಲೇ ಹೇಳುತ್ತೇನೆ. ಗೃಹ ಬಳಕೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಪಿಂಚಣಿ ಬಾಬ್ತಿನ ಸರ್ಚಾರ್ಜ್ 36 ಪೈಸೆ. ವಿದ್ಯುತ್ ತೆರಿಗೆ ಶೇ 9. ಒಟ್ಟಾರೆ 6 ರೂಪಾಯಿ 68 ಪೈಸೆ. ಇದಲ್ಲದೆ ಮಂಜೂರಾದ ಲೋಡಿನ ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ. ನಮ್ಮದು ಮೂರು ಕಿಲೋವಾಟ್ ಲೋಡ್, ಅಂದರೆ 435. ಇದನ್ನು ಸೋಲಾರ್ ಒಂದು ಪೈಸೆಯಷ್ಟೂ ಇಳಿಸುವುದಿಲ್ಲ. ತಿಂಗಳಿಡೀ ಒಂದು ಯೂನಿಟ್ಟೂ ಎಳೆಯದಿದ್ದರೂ ಆ 435 ಕಟ್ಟಲೇಬೇಕು. ‘ಬಿಲ್ ಸೊನ್ನೆ’ ಎನ್ನುವವರು ಈ ಸಾಲನ್ನು ಓದಿರುವುದಿಲ್ಲ.

ಊರಿನಲ್ಲಿ ಮೂರು ಕಡೆ ವಿಚಾರಿಸಿದೆ. ದರ ಹೆಚ್ಚುಕಡಿಮೆ ಒಂದೇ ಬಂತು. ಎರಡು ಕಿಲೋವಾಟ್‌ಗೆ 1 ಲಕ್ಷ 30 ಸಾವಿರ, ಮೂರಕ್ಕೆ 1 ಲಕ್ಷ 90 ಸಾವಿರ, ಐದಕ್ಕೆ 2 ಲಕ್ಷ 90 ಸಾವಿರ. ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ ಮೊದಲ ಎರಡು ಕಿಲೋವಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ. ಅಲ್ಲಿಗೆ 78 ಸಾವಿರ ಆಯಿತು. ನಾಲ್ಕು ಹಾಕಿಸಿ, ಹತ್ತು ಹಾಕಿಸಿ, ಅದರ ಮೇಲೆ ಒಂದು ರೂಪಾಯಿ ಇಲ್ಲ.

ಎರಡು ಕಿಲೋವಾಟ್ ಹಾಕಿಸಿದರೆ ಸಬ್ಸಿಡಿ ಕಳೆದು ನಮ್ಮ ಕೈಯಿಂದ 70 ಸಾವಿರ. ವರ್ಷಕ್ಕೆ 2,800 ಯೂನಿಟ್. ಅಷ್ಟೂ ನಮ್ಮ ಬಳಕೆಯೊಳಗೇ ಮುಳುಗುತ್ತದೆ. ಉಳಿತಾಯ 18,700 ರೂಪಾಯಿ. ನಾಲ್ಕು ವರ್ಷದೊಳಗೆ ಅಸಲು ಬಂತು.

ಮೂರು ಕಿಲೋವಾಟ್‌ಗೆ 1 ಲಕ್ಷ 12 ಸಾವಿರ. ಹುಟ್ಟುವುದು 4,200 ಯೂನಿಟ್. ಅದರಲ್ಲಿ ಸುಮಾರು 3,050 ವಜಾ ಆಗುತ್ತದೆ, 1,150 ಮಾರಾಟಕ್ಕೆ. ಮಾರುವ ದರ ಎರಡೂವರೆ ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ ಒಟ್ಟು 23,300. ಐದು ವರ್ಷಕ್ಕೆ ಎರಡು ತಿಂಗಳು ಕಡಿಮೆ. ಕೇಳಲು ಇದೂ ಚೆನ್ನಾಗಿಯೇ ಇದೆ. ಆದರೆ ಮೂರನೇ ಕಿಲೋವಾಟನ್ನು ಒಂದೇ ತೆಗೆದು ನೋಡಿ. ಅದಕ್ಕೆಂದು ಹೆಚ್ಚಿಗೆ ಕೊಟ್ಟದ್ದು 42 ಸಾವಿರ, ಅದರಿಂದ ಹೆಚ್ಚಿಗೆ ಬಂದದ್ದು 4,600. ಆ ದುಡ್ಡು ತಿರುಗಿ ಬರಲು ಒಂಬತ್ತು ವರ್ಷ ಬೇಕು.

ಐದು ಕಿಲೋವಾಟ್ ಎಂದರೆ ಇನ್ನೂ ಒಂದು ತೊಡಕು. 2024ರ ನಿಯಮಗಳ ಪ್ರಕಾರ ಹತ್ತು ಕಿಲೋವಾಟ್‌ವರೆಗಿನ ಸೋಲಾರ್ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ, ಬೇಕಾದಷ್ಟು ಲೋಡನ್ನು ವಿದ್ಯುತ್ ಕಂಪನಿಯೇ ಏರಿಸಿಕೊಡಬೇಕು. ಒಳ್ಳೆಯ ನಿಯಮವೇ. ಆದರೆ ಲೋಡ್ ಮೂರರಿಂದ ಐದಕ್ಕೆ ಏರಿದರೆ ನಿಗದಿತ ಶುಲ್ಕ ತಿಂಗಳಿಗೆ 290 ರೂಪಾಯಿ ಏರುತ್ತದೆ, ವರ್ಷಕ್ಕೆ 3,480. ಅದನ್ನೂ ಕಳೆದರೆ ಐದು ಕಿಲೋವಾಟ್‌ನ ವಾರ್ಷಿಕ ಲಾಭ ಸುಮಾರು 27 ಸಾವಿರ, ಹಾಕಿದ ದುಡ್ಡು 2 ಲಕ್ಷ 12 ಸಾವಿರ. ಎಂಟು ವರ್ಷಕ್ಕೆ ಸ್ವಲ್ಪ ಕಡಿಮೆ. ಎರಡು ಕಿಲೋವಾಟ್‌ಗೆ ಹೋಲಿಸಿದರೆ, ಹೆಚ್ಚಿಗೆ ಹೂಡಿದ 1 ಲಕ್ಷ 42 ಸಾವಿರಕ್ಕೆ ವರ್ಷಕ್ಕೆ 8,400 ರೂಪಾಯಿಯೂ ಹುಟ್ಟುವುದಿಲ್ಲ. ಆ ಭಾಗದ ಅಸಲು ಕೈಸೇರಲು ಹದಿನೇಳು ವರ್ಷ. ಬ್ಯಾಂಕಿನ ಠೇವಣಿ ಇದಕ್ಕಿಂತ ವಾಸಿ. ಹುಡುಗ ಹೇಳಿದ್ದ ಮೂರು ವರ್ಷ ಎಲ್ಲಿಂದ ಬಂತು ಎಂದು ಎಷ್ಟು ತಿರುವಿ ಹಾಕಿದರೂ ನನಗೆ ಸಿಗಲಿಲ್ಲ.

ಅವನ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಕರೆಂಟಿನ ದರ ವರ್ಷವರ್ಷವೂ ಏರುತ್ತದೆ ಎಂಬ ಊಹೆ. ನಮ್ಮ ರಾಜ್ಯದಲ್ಲಿ ಈಚೆಗೆ ಆದದ್ದೇ ಬೇರೆ. ನೂರು ಯೂನಿಟ್ ದಾಟಿದ ಮನೆಗೆ 2023–24ರಲ್ಲಿ ಯೂನಿಟ್‌ಗೆ 7 ರೂಪಾಯಿ ಇತ್ತು. 2024ರ ಏಪ್ರಿಲ್‌ನಿಂದ 5 ರೂಪಾಯಿ 90 ಪೈಸೆ ಆಯಿತು, ಮರುವರ್ಷ 5 ರೂಪಾಯಿ 80. ಅದೇ ಹೊತ್ತಿಗೆ ನಿಗದಿತ ಶುಲ್ಕ 120ರಿಂದ 145ಕ್ಕೆ ಏರಿತು. ಸೋಲಾರ್ ಉಳಿಸುವ ಬಾಬ್ತು ಇಳಿಯಿತು, ಉಳಿಸಲಾಗದ ಬಾಬ್ತು ಏರಿತು. ಹಾಗಾಗಿ ಇವತ್ತಿನ ದರದಲ್ಲಿ ಗಿಟ್ಟುವ ಅಳತೆಯನ್ನೇ ಹಾಕಿಸಬೇಕು. ನಾಳೆ ದರ ಏರೀತು ಎಂಬ ಭರವಸೆಯ ಮೇಲೆ ಸಾಲ ಮಾಡಬಾರದು.

ಬಿಲ್ ಅಳತೆ ಹೇಳಿತು. ಆಮೇಲೆ ತಾರಸಿಯ ಸರದಿ. ನಮ್ಮೂರು ತೆಂಗಿನ ಸೀಮೆ. ಮನೆಯ ಪಡುವಣಕ್ಕೆ ನಾಲ್ಕು ಮರ, ಮೂಡಣಕ್ಕೆ ನೀರಿನ ಟ್ಯಾಂಕು. ಡಿಸೆಂಬರ್ ಮೂರನೇ ವಾರದಲ್ಲಿ ಒಂದು ಭಾನುವಾರ ಸೀಮೆಸುಣ್ಣ ಹಿಡಿದು ತಾರಸಿ ಹತ್ತಿದೆ. ಮೊಮ್ಮಗಳು ಜೊತೆಗೆ ಬಂದಳು. ಬೆಳಿಗ್ಗೆ ಒಂಬತ್ತಕ್ಕೆ ಟ್ಯಾಂಕಿನ ನೆರಳಿನ ಅಂಚಿಗೆ ಅವಳೇ ಗೆರೆ ಎಳೆದಳು. ಮಧ್ಯಾಹ್ನ ಹನ್ನೆರಡೂ ಕಾಲಿಗೆ ಪ್ಯಾರಾಪೆಟ್ ಗೋಡೆಯದು, ಮೂರು ಗಂಟೆಗೆ ತೆಂಗಿನ ಗರಿಗಳದು. ಡಿಸೆಂಬರಿನಲ್ಲೇ ಏಕೆಂದರೆ ಆಗ ಸೂರ್ಯ ದಕ್ಷಿಣಕ್ಕೆ ಪೂರ್ತಿ ವಾಲಿರುತ್ತಾನೆ. ತಿಪಟೂರಿನಲ್ಲಿ ಆ ದಿನಗಳ ನಡುಹಗಲಿನಲ್ಲೂ ಸೂರ್ಯ 53 ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ. ಮೂರಡಿ ಗೋಡೆಯ ನೆರಳು ಎರಡೂ ಕಾಲಡಿ ಚಾಚುತ್ತದೆ. ಬೆಳಿಗ್ಗೆ ಒಂಬತ್ತಕ್ಕಂತೂ ವಸ್ತುವಿನ ಎತ್ತರಕ್ಕಿಂತ ನೆರಳೇ ಉದ್ದ. ಸಂಜೆ ನೋಡಿದರೆ ನಮ್ಮ ತಾರಸಿಯಲ್ಲಿ ಯಾವ ಗೆರೆಯೂ ಮುಟ್ಟದ ಜಾಗ ಉಳಿದದ್ದು 220 ಚದರಡಿ. ಒಂದು ಕಿಲೋವಾಟ್‌ಗೆ ನೂರು ಚದರಡಿ ಬೇಕು. ಎರಡು ಕಿಲೋವಾಟ್‌ಗೆ ಸರಿಹೋಯಿತು. ಐದು ಕಿಲೋವಾಟ್ ಹಾಕಿಸಿದ್ದರೆ ಅರ್ಧದಷ್ಟು ಪ್ಯಾನೆಲ್ ಮೂರು ಗಂಟೆಗೇ ಗರಿಯ ನೆರಳಿಗೆ ಬೀಳುತ್ತಿತ್ತು. ಸರಣಿಯಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಉಳಿದವುಗಳ ಹರಿವು ಕುಗ್ಗುತ್ತದೆ. ಜೊತೆಗೆ ಒಣಗಿದ ಗರಿ ಬಿದ್ದರೆ ಗಾಜಿನ ಗತಿ ಏನು ಎಂಬುದೂ ಇದೆ.

ಆ ಗೆರೆಗಳು ಮಳೆಗಾಲದವರೆಗೂ ಹಾಗೇ ಇದ್ದವು. ಯಾರಾದರೂ ಸೋಲಾರ್ ವಿಷಯ ಕೇಳಲು ಬಂದರೆ ಮೊದಲು ಅವನ್ನೇ ತೋರಿಸುತ್ತಿದ್ದೆ.

2025ರ ಜನವರಿ ಕೊನೆಗೆ ಎರಡು ಕಿಲೋವಾಟ್ ಹಾಕಿಸಿದೆವು. ನಾಲ್ಕು ಪ್ಯಾನೆಲ್, ಒಂದು ಇನ್ವರ್ಟರ್, ಎರಡೂ ಕಡೆಗೆ ಓಡುವ ಮೀಟರ್. ಸಬ್ಸಿಡಿಗೆ ಭಾರತದಲ್ಲೇ ತಯಾರಾದ ಸೆಲ್‌ಗಳ ಪ್ಯಾನೆಲ್ ಬೇಕು, ಅದನ್ನು ರಸೀತಿಯಲ್ಲಿ ಬರೆಸಿಕೊಂಡೆ. ಫೆಬ್ರವರಿಯಿಂದ ಲೆಕ್ಕ ಹಿಡಿದೆ. ಪ್ರತಿ ತಿಂಗಳ ಒಂದನೇ ತಾರೀಕು ಮೀಟರಿನ ಎರಡೂ ಅಂಕಿ, ಇನ್ವರ್ಟರ್ ತೋರಿಸುವ ಅಂಕಿ ಒಂದು ನೋಟ್‌ಬುಕ್ಕಿಗೆ. ವರ್ಷ ತುಂಬಿದಾಗ ಹುಟ್ಟಿದ್ದು 2,716 ಯೂನಿಟ್. ನನ್ನ ಅಂದಾಜಿಗಿಂತ 84 ಕಡಿಮೆ. ಆಗಸ್ಟಿನಲ್ಲಿ ಮೋಡ ಬಿಡಲೇ ಇಲ್ಲ, ಸಾಲದ್ದಕ್ಕೆ ನಾವು ಊರಲ್ಲಿಲ್ಲದ ಮೂರು ವಾರ ಪ್ಯಾನೆಲ್ ತೊಳೆದಿರಲಿಲ್ಲ. ಮನೆಯ ಬಳಕೆ ಹಿಂದಿನಷ್ಟೇ. ನಿಗದಿತ ಶುಲ್ಕ ಸೇರಿ ವರ್ಷಕ್ಕೆ 26 ಸಾವಿರ ಆಗಬೇಕಿದ್ದ ಬಿಲ್ 8 ಸಾವಿರದ ಆಸುಪಾಸಿಗೆ ನಿಂತಿತು. ಈ ಲೆಕ್ಕದಲ್ಲಿ ನಮ್ಮ 70 ಸಾವಿರ ತಿರುಗಿ ಬರಲು ಮೂರು ವರ್ಷ ಹತ್ತು ತಿಂಗಳು. ಪ್ಯಾನೆಲ್‌ಗೆ 25 ವರ್ಷದ ವಾರಂಟಿಯಿದೆ. ಹತ್ತು ವರ್ಷದ ಹೊತ್ತಿಗೆ ಇನ್ವರ್ಟರ್ ಬದಲಿಸಬೇಕಾಗಬಹುದು, ಅದಕ್ಕೆ ಈಗಿನಿಂದಲೇ ಸ್ವಲ್ಪ ಎತ್ತಿಡುತ್ತಿದ್ದೇವೆ.

ಮಲೆನಾಡಿನವರು ನನ್ನ 1,400ನ್ನು ಹಾಗೇ ಎತ್ತಿಕೊಳ್ಳಬೇಡಿ. ತೀರ್ಥಹಳ್ಳಿ ಕಡೆಯ ನನ್ನ ತಂಗಿಯ ಮನೆಯಲ್ಲೂ ಎರಡು ಕಿಲೋವಾಟ್ ಇದೆ. ಜುಲೈನ ಜಡಿಮಳೆಯಲ್ಲಿ ಇಡೀ ದಿನಕ್ಕೆ ಎರಡೂವರೆ ಯೂನಿಟ್ ತೋರಿಸಿದ ದಿನಗಳಿದ್ದವು. ಅಂಥ ಕಡೆ ಕಿಲೋವಾಟ್‌ಗೆ ವರ್ಷಕ್ಕೆ 1,100 ಎಂದು ಹಿಡಿಯುವುದು ಕ್ಷೇಮ. ಇನ್ನೊಂದು ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಬ್ಯಾಟರಿ ಇಲ್ಲದ ಈ ವ್ಯವಸ್ಥೆ ಲೈನಿನಲ್ಲಿ ಕರೆಂಟ್ ಹೋದ ಕ್ಷಣ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಯಲೆಂದೇ ಹಾಗೆ ಮಾಡಿದ್ದಾರೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಕತ್ತಲೆ ಕಳೆಯಲೆಂದು ಹಾಕಿಸಿಕೊಂಡವಳಿಗೆ ಇದು ಗೊತ್ತಾದದ್ದು ದುಡ್ಡು ಕಟ್ಟಿದ ಮೇಲೆ. ಅವಳ ಸಂಕಟ ನೋಡಿದ ಮೇಲೆ ನನಗೆ ಈ ಮಾರಾಟದ ರೀತಿಯ ಮೇಲೇ ಸಿಟ್ಟು ಬಂದಿದೆ.

ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಪಕ್ಕದ ಬೀದಿಯ ಅಕ್ಕನೊಬ್ಬರ ವಿಷಯದಲ್ಲಿ. ಒಂಟಿ ಹೆಂಗಸು, ಹೊಲಿಗೆ ಮಾಡಿ ಬದುಕುವವರು. ತಿಂಗಳಿಗೆ 74 ಯೂನಿಟ್ ಬಳಕೆ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದಾಗಿನಿಂದ ಅವರ ಬಿಲ್ ಸೊನ್ನೆ. ಅವರ ಮನೆಗೂ ಒಬ್ಬರು ಹೋಗಿ, ಸರ್ಕಾರ ಕೊಡುವ ದುಡ್ಡು ಬಿಡಬಾರದು, ಸಾಲ ನಾವೇ ಮಾಡಿಸುತ್ತೇವೆ ಎಂದು ಮೂರು ಕಿಲೋವಾಟ್‌ನ ಅರ್ಜಿ ತುಂಬಿಸಿದ್ದರು. ಸಹಿ ಒಂದು ಬಾಕಿ. ಅವರು ಅರ್ಜಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. ‘ಅಕ್ಕ, ಕಂತು ಕಟ್ಟುವುದು ಬಿಲ್ಲಿನ ಉಳಿತಾಯದಿಂದ ಅಂತಾರೆ. ನಿಮಗೆ ಉಳಿಸೋಕೆ ಬಿಲ್ಲೇ ಇಲ್ಲವಲ್ಲ’ ಎಂದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು. ಸಹಿ ಮಾಡಲಿಲ್ಲ.

ನಾನು ಸೋಲಾರಿನ ವಿರೋಧಿಯಲ್ಲ. ಇನ್ನೂರು ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವ, ನೆರಳಿಲ್ಲದ ತಾರಸಿ ಇರುವ ಪ್ರತಿ ಮನೆಯೂ ಹಾಕಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 2025ರ ಸೆಪ್ಟೆಂಬರ್‌ನಲ್ಲಿ ಸೋಲಾರ್ ಸಾಧನಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಈಗ ಹಾಕಿಸುವವರು ಆ ಇಳಿಕೆ ತಮ್ಮ ದರಪಟ್ಟಿಯಲ್ಲಿ ಕಾಣುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. ನನ್ನ ತಕರಾರು ಅಳತೆಯ ಬಗ್ಗೆ. ಸಾರ್ವಜನಿಕರ ತೆರಿಗೆಯಿಂದ 75 ಸಾವಿರ ಕೋಟಿ ರೂಪಾಯಿ ತೆಗೆದಿಟ್ಟು ಒಂದು ಕೋಟಿ ಮನೆಗಳ ಮೇಲೆ ಸೋಲಾರ್ ಏರಿಸಲು ಹೊರಟಿರುವಾಗ, ಯಾವ ಮನೆಗೆ ಎಷ್ಟು ಬೇಕು ಎಂಬ ತೀರ್ಮಾನವನ್ನು ಮಾರುವವನ ಕೈಗೆ ಬಿಟ್ಟದ್ದು ತಪ್ಪು. ಅವನಿಗೆ ದೊಡ್ಡದು ಮಾರಿದಷ್ಟೂ ಲಾಭ. ಮನೆಮನೆಯ ಯೂನಿಟ್ ಲೆಕ್ಕ ಇರುವುದು ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂನಂಥ ವಿದ್ಯುತ್ ಕಂಪನಿಗಳ ಬಳಿ. ಅರ್ಜಿ ಬಂದ ಕೂಡಲೇ ಆ ಆರ್.ಆರ್. ನಂಬರಿನ ಹನ್ನೆರಡು ತಿಂಗಳ ಬಳಕೆ, ಅದಕ್ಕೆ ಸಾಕಾಗುವ ಕಿಲೋವಾಟ್, ಲೋಡ್ ಏರಿದರೆ ಹೆಚ್ಚುವ ಶುಲ್ಕ, ಮಿಕ್ಕಿದ ಯೂನಿಟ್ ಮಾರಿದರೆ ಸಿಗುವ ದರ, ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಮುದ್ರಿಸಿ ಗ್ರಾಹಕರ ಕೈಗೆ ಕೊಡಲಿ. ಆ ಹಾಳೆಗೆ ಗ್ರಾಹಕರ ಸಹಿ ಬೀಳದೆ ಕೆಲಸ ಶುರುವಾಗಬಾರದು. ದರ ಗೊತ್ತುಮಾಡುವ ಆಯೋಗ ಈ ಆದೇಶ ಹೊರಡಿಸಬಹುದು, ಹೊಸ ಕಾನೂನೇನೂ ಬೇಕಿಲ್ಲ.

ಅದು ಆಗುವವರೆಗೆ ನೀವೇ ಮಾಡಿಕೊಳ್ಳಿ. ಹನ್ನೆರಡು ತಿಂಗಳ ಯೂನಿಟ್ ಕೂಡಿಸಿ, ಬಯಲುಸೀಮೆಯಾದರೆ 1,400ರಿಂದ, ಮಲೆನಾಡಾದರೆ 1,100ರಿಂದ ಭಾಗಿಸಿ. ಬಂದ ಅಂಕಿಯನ್ನು ಮೇಲಕ್ಕೆ ಏರಿಸದೆ ಕೆಳಕ್ಕೆ ಇಳಿಸಿ. ಈ ತಿಂಗಳ ಬಿಲ್ ಬಂದ ದಿನವೇ ಅದರದೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಕೊಕ್ಕೆಗೆ ಚುಚ್ಚಿದ ಕಾಗದ ಆರು ತಿಂಗಳಿಗೆ ಬಿಳಿ ಹಾಳೆಯಾಗುತ್ತದೆ.